12 ವರ್ಷ ಬಾಡಿಗೆಗಿದ್ದವರಿಗೆ ಫ್ಲ್ಯಾಟ್ ಸೇರಿಬಿಡುತ್ತದೆಯೇ?

ಪ್ರಶ್ನೆ: ಮೈಸೂರಿನ ವಿಜಯನಗರದಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. 10 ವರ್ಷಗಳಿಂದ ಒಂದೇ ಕುಟುಂಬ ಬಾಡಿಗೆಗಿದೆ. ಬಾಡಿಗೆ ಒಮ್ಮೆಯೂ ತಪ್ಪಿಲ್ಲ. 12 ವರ್ಷ ತುಂಬಿದರೆ ಮನೆ ಅವರದೇ ಆಗುತ್ತದೆ, ಅಷ್ಟರೊಳಗೆ ಖಾಲಿ ಮಾಡಿಸಿ ಎಂದು ಬಂಧುಗಳು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಆ ಒಂದು ಕಾರಣಕ್ಕೆ ಖಾಲಿ ಮಾಡಿಸಬೇಡಿ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೆಂಬ ಲೆಕ್ಕವನ್ನು ನಾನು ಬಿಟ್ಟಿದ್ದೇನೆ. ಆದರೂ ಪಿಂಚಣಿಯ ಹಣದಲ್ಲಿ ಒಂದೇ ಒಂದು ಫ್ಲ್ಯಾಟ್ ಕೊಂಡವರು ಈ ಭಯಕ್ಕೆ ಸಜ್ಜನ ಬಾಡಿಗೆದಾರರನ್ನು ಎಬ್ಬಿಸಿ, ನಾಲ್ಕಾರು ತಿಂಗಳು ಬೀಗ ಹಾಕಿದ ಮನೆಗೆ ಕೈಯಿಂದಲೇ ಮೇಂಟೆನೆನ್ಸ್ ಕಟ್ಟುವುದನ್ನು ನೋಡುತ್ತಲೇ ಇದ್ದೇನೆ.

1963ರ ಕಾಲಮಿತಿ ಅಧಿನಿಯಮದಲ್ಲಿ 12 ವರ್ಷದ ಮಾತು ಇರುವುದು ನಿಜ. ಆದರೆ ಅದು ಪ್ರತಿಕೂಲ ಸ್ವಾಧೀನಕ್ಕೆ, ಅಂದರೆ ಮಾಲೀಕನ ಹಕ್ಕನ್ನು ಧಿಕ್ಕರಿಸಿ, ಬಹಿರಂಗವಾಗಿ, ಎಡೆಬಿಡದೆ ಅನುಭವಿಸಿದ ಸ್ವಾಧೀನಕ್ಕೆ ಸಂಬಂಧಿಸಿದ್ದು. ನಿಮ್ಮ ಬಾಡಿಗೆದಾರರು ಮನೆಯೊಳಗೆ ಕಾಲಿಟ್ಟದ್ದೇ ನಿಮ್ಮ ಒಪ್ಪಿಗೆಯಿಂದ. ಅವರು ತಿಂಗಳು ತಿಂಗಳು ನಿಮ್ಮ ಖಾತೆಗೆ ಹಾಕುವ ಹಣವು ‘ಈ ಮನೆ ನಮ್ಮದಲ್ಲ’ ಎಂದು ಅವರೇ ಬರೆದುಕೊಟ್ಟ ಚೀಟಿಯಿದ್ದಂತೆ. ಬಾಡಿಗೆ ನಡೆಯುತ್ತಿರುವಾಗ ಬಾಡಿಗೆದಾರನು ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 116ನೆಯ ಪ್ರಕರಣವೇ ಹೇಳಿತ್ತು. 2023ರ ಹೊಸ ಅಧಿನಿಯಮವೂ ಆ ನಿಯಮವನ್ನು ಉಳಿಸಿಕೊಂಡಿದೆ. 12 ಅಲ್ಲ, 30 ವರ್ಷ ಇದ್ದರೂ ಬಾಡಿಗೆದಾರ ಬಾಡಿಗೆದಾರನೇ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ನಮ್ಮ ಮೈಸೂರು, ಮಂಡ್ಯದ ಮನೆಗಳಲ್ಲಿ ಇದಕ್ಕೊಂದು ಹಳೆಯ ನೆನಪಿದೆ ಎಂಬುದು ನನ್ನ ಅನುಮಾನ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂ ಸುಧಾರಣೆಯ ತಿದ್ದುಪಡಿಯ ಮೇರೆಗೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಉಳುತ್ತಿದ್ದ ಜಮೀನಿಗೆ ಒಡೆಯರಾದರು. ಜಮೀನು ಪಡೆದವರ ಮನೆಯಲ್ಲೂ ಕಳೆದುಕೊಂಡವರ ಮನೆಯಲ್ಲೂ ಆ ಮಾತು ಇಂದಿಗೂ ಬರುತ್ತದೆ. ಆದರೆ ಅದು ಕೃಷಿ ಜಮೀನಿನ ಕಾನೂನು. ಮೂರನೆಯ ಮಹಡಿಯ ಫ್ಲ್ಯಾಟನ್ನು ಯಾರೂ ಗೇಣಿಗೆ ಉಳುವುದಿಲ್ಲವಲ್ಲ!

ನಿಜವಾದ ಅಪಾಯ ಬೇರೆ ಕಡೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಕಾಲಮಿತಿ ಅಧಿನಿಯಮದ 67ನೆಯ ಬಾಬಿನ ಪ್ರಕಾರ, ಬಾಡಿಗೆಯ ಸಂಬಂಧ ಮುಗಿದ ದಿನದಿಂದ 12 ವರ್ಷದೊಳಗೆ ಮಾಲೀಕನು ಸ್ವಾಧೀನಕ್ಕಾಗಿ ದಾವೆ ಹೂಡಬೇಕು. ನೋಟಿಸ್ ಕೊಟ್ಟು, ಬಾಡಿಗೆ ಪಡೆಯುವುದನ್ನೂ ನಿಲ್ಲಿಸಿ, ‘ಹೇಗೂ ಹೋಗುತ್ತಾರೆ’ ಎಂದು ಸುಮ್ಮನೆ ಕುಳಿತವರಿಗೆ ಆ ಅವಧಿ ಕಂಟಕವಾದೀತು, ಬಾಡಿಗೆ ಪಡೆಯುತ್ತಿರುವ ನಿಮಗಲ್ಲ.

11 ತಿಂಗಳ ಕರಾರನ್ನು ರಕ್ಷಾಕವಚವೆಂದು ತಿಳಿದವರೂ ಬಹಳ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಅಧಿನಿಯಮದಂತೆ ನೋಂದಾಯಿಸಲೇಬೇಕು. ಆ ಖರ್ಚು ಮತ್ತು ಓಡಾಟ ತಪ್ಪಿಸಲು ಬಂದದ್ದು ಈ 11. ಕರಾರು ಮುಗಿದ ಮೇಲೂ ನೀವು ಬಾಡಿಗೆ ಪಡೆಯುತ್ತಿದ್ದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಬೇಡವಾದಾಗ 1882ರ ಸ್ವತ್ತು ವರ್ಗಾವಣೆ ಅಧಿನಿಯಮದಂತೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ಚಿಂತೆ ನಿಮಗೆ ಬೇಡ. ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ. ನೋಟಿಸಿಗೂ ಜಗ್ಗದಿದ್ದರೆ ನ್ಯಾಯಾಲಯವೇ ದಾರಿ. ನೀರು ನಿಲ್ಲಿಸುವುದು, ಬೀಗ ಬದಲಿಸುವುದು ನಿಮ್ಮ ಮೇಲೆಯೇ ತಿರುಗುತ್ತದೆ.

ನೀವು ಕೇಳದ ಇನ್ನೊಂದು ಮಾತು. 2023ರಲ್ಲಿ ಗೃಹಜ್ಯೋತಿ ಬಂದಾಗ, ಬಾಡಿಗೆದಾರರ ಆಧಾರ್ ನಮ್ಮ ಆರ್‌ಆರ್ ಸಂಖ್ಯೆಗೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಗೆ, ಜೋಡಣೆಯಾದರೆ ಮನೆಯೂ ಕೈಬಿಟ್ಟೀತೆಂದು ಕರೆಂಟ್ ಬಿಲ್ಲನ್ನೇ ಕೊಡದೆ ಬಚ್ಚಿಟ್ಟ ಮಾಲೀಕರಿದ್ದರು. ಆ ಯೋಜನೆ ಬಾಡಿಗೆದಾರರಿಗೂ ಇದೆ, ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಅವರು ಮನೆ ಬಿಡುವಾಗ ಮಾತ್ರ, ಅಡ್ವಾನ್ಸ್ ಹಿಂತಿರುಗಿಸುವ ಮೊದಲು, ಆ ಜೋಡಣೆಯನ್ನು ಅವರಿಂದಲೇ ತೆಗೆಸಿಕೊಳ್ಳಿ. ಇಲ್ಲವಾದರೆ ಮುಂದೆ ಬರುವವರ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.