ಬಸ್ಸಿನ ಕಂಬಿ ಮೇಲೆ ಇರೋದು ಯಾರ ಕೀಟಾಣು?

ರಶ್ ಇರೋ ಬಸ್ಸಲ್ಲಿ ಕಂಬಿ ಹಿಡ್ಕೊಂಡ್ರೆ ಅಂಟಂಟು, ಜೊತೆಗೆ ಹಿಂದಿನವರ ಕೈ ಬಿಸಿ ಬೇರೆ, ಛೀ ಅನ್ಸುತ್ತೆ ಅಲ್ವಾ. ಈ ಹೇಸಿಗೆ ಹಳೇದು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯಕ್ಕೆ ಬ್ಯಾಕ್ಟೀರಿಯಾ ಕಾರಣ ಅಂತ ತೋರಿಸಿದ್ಮೇಲೆ ಎಲ್ಲರ ಕಣ್ಣು ಎಂಜಲಿನ ಮೇಲೆ ಬಿತ್ತು, 1896ರಲ್ಲಿ ನ್ಯೂಯಾರ್ಕಲ್ಲಿ ಸಾರ್ವಜನಿಕ ಜಾಗದಲ್ಲಿ ಉಗಿಯೋದನ್ನ ನಿಷೇಧಿಸಿದ್ರು. ಆಗ ರೈಲಲ್ಲಿ ನೀರು ಕುಡಿಯೋಕೆ ಎಲ್ಲರಿಗೂ ಒಂದೇ ಲೋಟ, 1909ರಲ್ಲಿ ಅಮೆರಿಕದ ಕ್ಯಾನ್ಸಾಸ್ ರಾಜ್ಯ ಅದನ್ನೂ ತೆಗೆಸ್ತು.

ಕಂಬಿ ಮೇಲೆ ನಿಜಕ್ಕೂ ಏನಿದೆ ಅಂತ ವಿವರವಾಗಿ ನೋಡೋಕೆ ಆಗಿದ್ದು ಮಾತ್ರ ಡಿಎನ್‌ಎ ಓದೋದು ಅಗ್ಗ ಆದ್ಮೇಲೆ. ವಿಜ್ಞಾನಿ ಕ್ರಿಸ್ಟೋಫರ್ ಮೇಸನ್ ತಂಡ ನ್ಯೂಯಾರ್ಕ್ ಸಬ್‌ವೇಯ (ಅಲ್ಲಿನ ಮೆಟ್ರೋ ರೈಲು) 466 ಸ್ಟೇಷನ್‌ಗಳಲ್ಲಿ ಬೆಂಚು, ಕಂಬಿ, ಟಿಕೆಟ್ ಮಷೀನ್ ಎಲ್ಲಾ ಹತ್ತಿ ಕಡ್ಡಿ ಥರದ್ದರಲ್ಲಿ ಉಜ್ಜಿ ತಂದು ಓದಿ ನೋಡಿದ್ರು, 2015ರಲ್ಲಿ ರಿಪೋರ್ಟ್ ಬಂತು. ಹೆಚ್ಚುಕಮ್ಮಿ ಅರ್ಧ ಡಿಎನ್‌ಎ ಗೊತ್ತಿರೋ ಯಾವ ಜೀವಿಗೂ ಹೊಂದಲಿಲ್ಲ! ನಂಗೆ ಅದೇ ದೊಡ್ಡ ಸುದ್ದಿ ಅನ್ಸುತ್ತೆ, ಆದ್ರೆ ಹೆಡ್‌ಲೈನ್ ಆಗಿದ್ದು ಪ್ಲೇಗ್ ಮತ್ತು ಆಂಥ್ರಾಕ್ಸ್ ರೋಗ ತರೋ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ತು ಅನ್ನೋದು. ಆಮೇಲೆ ಆ ತಂಡವೇ ಅದನ್ನ ತಿದ್ದಿಕೊಳ್ತು, ಯಾಕಂದ್ರೆ ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾಗಳ ಡಿಎನ್‌ಎ ಚೂರುಗಳು ಒಂದೇ ಥರ ಇರ್ತವೆ, ಅದೂ ಅಲ್ದೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎನೂ ಲೆಕ್ಕಕ್ಕೆ ಬರುತ್ತೆ. ತಿದ್ದಿದ್ದು ಎಷ್ಟು ಜನಕ್ಕೆ ತಲುಪ್ತೋ, ಹೆದರಿಕೆ ಅಂತೂ ತಲುಪಿತ್ತು.

ಮರುವರ್ಷ ಅಮೆರಿಕದ ಬಾಸ್ಟನ್ ಊರಿನ ಸಬ್‌ವೇಲಿ ನೋಡಿದಾಗ ಸಿಕ್ಕಿದ್ದು ಬಹುಪಾಲು ನಮ್ಮ ಚರ್ಮ, ಬಾಯಲ್ಲಿ ಸಾಮಾನ್ಯವಾಗಿ ಇರೋ ಜೀವಿಗಳೇ. 2018ರ ಹಾಂಗ್‌ಕಾಂಗ್ ಅಧ್ಯಯನ ನಂಗೆ ತುಂಬಾ ಇಷ್ಟ: ವಾಲಂಟಿಯರ್‌ಗಳು ಕೈ ತೊಳ್ಕೊಂಡು ಮೆಟ್ರೋ ಹತ್ತಿ ಹ್ಯಾಂಡ್‌ರೈಲ್ ಹಿಡ್ಕೊಂಡು ಹೋಗ್ತಿದ್ರು, ಆಮೇಲೆ ಅವರ ಅಂಗೈಯಿಂದ ಸ್ಯಾಂಪಲ್ ತೆಗೀತಿದ್ರು. ಬೆಳಿಗ್ಗೆ ಒಂದೊಂದು ಲೈನಿಗೆ ಒಂದೊಂದು ಥರ ಬ್ಯಾಕ್ಟೀರಿಯಾ, ಸಂಜೆ ಹೊತ್ತಿಗೆ ಎಲ್ಲಾ ಕಲಸಿ ಒಂದೇ ಥರ. ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೆ ಬಗ್ಗದ ಹಾಗೆ ಮಾಡೋ ಜೀನ್‌ಗಳೂ ಹಂಗೇ ಹರಡಿದ್ವು, ಗಾಬರಿ ಪಡೋದಾದ್ರೆ ಇದಕ್ಕೆ ಪಡಬೇಕು.

2020ರಲ್ಲಿ ಕೋವಿಡ್ ಬಂತು. ಪ್ಲಾಸ್ಟಿಕ್ ಮೇಲೆ ವೈರಸ್ 3 ದಿನದ ತನಕ ಇರುತ್ತೆ ಅಂತ ಲ್ಯಾಬಲ್ಲಿ ಕಂಡಿದ್ದೇ ತಡ, ಎಲ್ಲಾ ಕಡೆ ಒರೆಸೋದೇ ಒರೆಸೋದು, ನ್ಯೂಯಾರ್ಕಲ್ಲಂತೂ ಮೇ ತಿಂಗಳಿಂದ ಒಂದು ವರ್ಷ ರಾತ್ರಿ ಕೆಲವು ಗಂಟೆ ಸಬ್‌ವೇ ಬಂದ್ ಮಾಡಿ ಕ್ಲೀನ್ ಮಾಡಿದ್ರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳ್ತು, ವೈರಸ್ ಇರೋ ಜಾಗ ಒಂದ್ಸಲ ಮುಟ್ಟಿದ್ರೆ ಸೋಂಕು ತಗಲೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಮ್ಮಿ. ಕೋವಿಡ್ ಮುಖ್ಯವಾಗಿ ಹರಡ್ತಿದ್ದಿದ್ದು ಪಕ್ಕದವರ ಉಸಿರಿಂದ, ಆ ಬಸ್ಸಿನ ಮುಚ್ಚಿದ ಕಿಟಕಿಗಳ ಒಳಗೆ.