ಪಕ್ ನೋಡ್ಬೇಡಿ, ಹುಡುಗನ ತಲೆ ನೋಡಿ

ಕೆನಡಾದ ಒಂಟಾರಿಯೊದಲ್ಲಿ ಜೂನಿಯರ್ ಐಸ್ ಹಾಕಿ ಮ್ಯಾಚ್‌ಗಳಿಗೆ ಹೋಗಿ, ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಡ್ರಾಫ್ಟ್‌ಗೆ, ಅಂದ್ರೆ ಟೀಮ್‌ಗಳು ಸರದಿ ಪ್ರಕಾರ ಹೊಸಬರನ್ನ ಆರಿಸ್ಕೊಳ್ಳೋದಕ್ಕೆ, ಬರೋ ಹುಡುಗರ ಮೇಲೆ ರಿಪೋರ್ಟ್ ಬರೆಯೋದು ನನ್ನ ಕೆಲಸ, ಅದ್ರಲ್ಲೂ ಜಾಸ್ತಿ ಡಿಫೆನ್ಸ್‌ಮನ್‌ಗಳದ್ದು. ಐಸ್ ಹಾಕಿ ಗೊತ್ತಿಲ್ದೋರಿಗೆ ಒಂದು ಮಾತು, ಗೋಲಿ (ಗೋಲ್‌ಕೀಪರ್) ಬಿಟ್ರೆ ಐಸ್ ಮೇಲೆ ಐದು ಜನ, ಅದ್ರಲ್ಲಿ ಹಿಂದೆ ಇರೋ ಇಬ್ರು ಡಿಫೆನ್ಸ್. ನಮ್ಮ ಕೊಡಗಿನ ಮೈದಾನದಲ್ಲಿ ಫುಲ್‌ಬ್ಯಾಕ್ ಅಂತಾರಲ್ಲ, ಹೆಚ್ಚುಕಡಿಮೆ ಹಾಗೆ, ಆದ್ರೆ ಇಲ್ಲಿ ಗೋಲ್ ಪೋಸ್ಟ್ ಹಿಂದೆನೂ ಜಾಗ ಇದೆ, ಅಲ್ಲೂ ಆಡ್ಬೇಕು, ನಾನು ಜಾಸ್ತಿ ಹೊತ್ತು ಕಣ್ಣಿಟ್ಟು ನೋಡೋದು ಅಲ್ಲೇ.

ಎದುರಾಳಿಗಳು ಪಕ್‌ನ (ಇಲ್ಲಿ ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಮೂಲೆಗೆ ಹೊಡೆದು ಅದರ ಹಿಂದೇನೇ ನುಗ್ತಾರೆ. ನಮ್ಮ ಹುಡುಗ ಬೆನ್ನು ಕೊಟ್ಟು ಬೋರ್ಡ್ (ಐಸ್ ಸುತ್ತ ಇರೋ ಗೋಡೆ) ಕಡೆ ಓಡ್ಬೇಕು, ಹಿಂದಿನಿಂದ ತೊಂಬತ್ತು ಕಿಲೋ ಆಸಾಮಿ ಬರ್ತಾ ಇರ್ತಾನೆ. ಆ ಎರಡು ಸೆಕೆಂಡಲ್ಲಿ ಹುಡುಗ ಎಷ್ಟು ಸಲ ತಲೆ ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡ್ದ ಅಂತ ನಾನು ಎಣಿಸ್ತೀನಿ. ಒಂದೂ ಇಲ್ಲ ಅಂದ್ರೆ ಪಕ್ ಸಿಕ್ಕಮೇಲೆ ಯೋಚನೆ ಶುರು ಮಾಡ್ತಾನೆ, ಅಷ್ಟರಲ್ಲಿ ಗೋಡೆಗೆ ಅಂಟಿರ್ತಾನೆ. ಎರಡು ಸಲ ನೋಡೋನಿಗೆ ಪಕ್ ಮುಟ್ಟೋಕ್ ಮುಂಚೇನೇ ಯಾರಿಗೆ ಕೊಡ್ಬೇಕು ಗೊತ್ತಿರುತ್ತೆ.

ಹೋದ ನವೆಂಬರಲ್ಲಿ ಒಬ್ಬ ಹದಿನೇಳರ ಹುಡುಗನ್ನ ನೋಡ್ದೆ, ಹೆಸರು ಬೇಡ. ಮ್ಯಾಚ್‌ನ ಮೂರು ಪೀರಿಯಡ್‌ಗಳಲ್ಲಿ ಎರಡನೇದು, ಪಕ್ ಎಡ ಮೂಲೆಗೆ ಬಿತ್ತು, ಇವ್ನು ಒಂದ್ಸಲ ಬಲಕ್ಕೆ ನೋಡ್ದ, ಇನ್ನೊಂದ್ಸಲ ಎಡಕ್ಕೆ ನೋಡ್ದ, ಎಡ ಭುಜ ಸ್ವಲ್ಪ ಬಗ್ಗಿಸಿ ಆ ಕಡೆ ಹೋಗೋ ಹಾಗೆ ತೋರ್ಸಿದ, ಬೆನ್ನಟ್ಟಿ ಬಂದೋನು ಅದನ್ನ ನಂಬಿ ಎಡಕ್ಕೆ ಹೋದ, ಇವ್ನು ಬಲಕ್ಕೆ ತಿರುಗಿ ಹತ್ತಡಿ ದೂರದಲ್ಲಿದ್ದ ಸೆಂಟರ್ ಆಟಗಾರನಿಗೆ ನೆಲದ ಮೇಲೇ ಪಾಸ್ ಕೊಟ್ಟು ಬೆಂಚಿಗೆ ಹೋದ. ಸ್ಟೇಡಿಯಂನಲ್ಲಿ ಒಬ್ರೂ ಚಪ್ಪಾಳೆ ತಟ್ಲಿಲ್ಲ. ನಾನು ನೋಟ್‌ಬುಕ್ಕಲ್ಲಿ ಆ ನಿಮಿಷದ ಕೆಳಗೆ ಎರಡು ಗೆರೆ ಎಳೆದೆ.

ಇದು ಸ್ಕೋರ್‌ಶೀಟಲ್ಲಿ ಬರಲ್ಲ. ಒಂದು ಗೋಲ್ ಆದ್ರೆ ಇಬ್ರ ತನಕ ಅಸಿಸ್ಟ್ (ಮುಂಚಿನ ಪಾಸ್ ಕೊಟ್ಟ ಲೆಕ್ಕ) ಕೊಡ್ತಾರೆ, ಪವರ್‌ಪ್ಲೇಲಿ (ಎದುರಾಳಿ ಒಬ್ಬ ಶಿಕ್ಷೆಗೆ ಹೊರಗೆ ಕೂತಿರೋ ಹೊತ್ತು) ಮೇಲ್ಗಡೆ ನಿಂತು ಪಕ್ಕದೋನಿಗೆ ಸುಮ್ನೆ ತಳ್ಳಿದ್ರೂ ಪಾಯಿಂಟ್ ಸಿಗುತ್ತೆ, ಹಂಗಾಗಿ ನಲವತ್ತು ಪಾಯಿಂಟ್ ಅಂದ ತಕ್ಷಣ ನಾನು ವಿಡಿಯೊ ಹಾಕ್ಕೊಂಡು ಒಂದೊಂದೂ ಬಿಡಿಸಿ ನೋಡ್ತೀನಿ. ಮಿಸ್ಸಿಸಾಗಾದ ರಿಂಕಲ್ಲಿ ನಮ್ಮ ಕಡೆಯೋರೊಬ್ರು ಸಿಕ್ಕಿ "ಸರ್, ಮಗ ಗೋಲೇ ಹೊಡೀತಿಲ್ಲ, ಡಿಫೆನ್ಸ್ ಬಿಡಿಸಿ ಫಾರ್ವರ್ಡ್ ಹಾಕ್ಸೋಣ್ವಾ" ಅಂತ ಕೇಳಿದ್ರು. ದಯವಿಟ್ಟು ಬೇಡಮ್ಮ ಅಂದೆ, ಆ ಹುಡುಗ ಹಿಂದಕ್ಕೆ ಸ್ಕೇಟ್ ಮಾಡೋದು ನೋಡಿದ್ದೆ, ಎಷ್ಟು ಚೆನ್ನಾಗಿತ್ತು.

ಹಿಂದಕ್ಕೆ ಸ್ಕೇಟ್ ಮಾಡೋದು ಅಂದ್ರೆ ಬರೀ ಸ್ಪೀಡ್ ಅಲ್ಲ. ಎದುರಿಂದ ಬರೋನಿಗೂ ತನಗೂ ಮಧ್ಯ ಒಂದು ಸ್ಟಿಕ್‌ನಷ್ಟು ಜಾಗ ಇಟ್ಕೊಂಡು, ಅವನ್ನ ಬೋರ್ಡ್ ಕಡೆ ದಬ್ಬಿಕೊಂಡು, ನಮ್ಮ ಬ್ಲೂಲೈನ್ (ನಮ್ಮ ಗೋಲ್ ಕಡೆಯ ಭಾಗ ಶುರುವಾಗೋ ನೀಲಿ ಗೆರೆ) ಹತ್ರಾನೇ ನಿಲ್ಲಿಸ್ಬೇಕು. ಮಧ್ಯದ ಆ ಜಾಗಕ್ಕೆ ಗ್ಯಾಪ್ ಅಂತಾರೆ. ಹೆದರೋ ಹುಡುಗ ಗೋಲಿ ಮಡಿಲಿಗೆ ಹೋಗಿ ಕೂರೋ ತನಕ ಹಿಂದೆ ಹಿಂದೆ ಸರೀತಾನೆ.

ಎತ್ತರದ ಬಗ್ಗೆ ಜಾಸ್ತಿ ಹೇಳಲ್ಲ. ಕ್ವಿನ್ ಹ್ಯೂಸ್ 5 ಅಡಿ 10 ಇಂಚು, 2024ರಲ್ಲಿ ಬೆಸ್ಟ್ ಡಿಫೆನ್ಸ್‌ಮನ್‌ಗೆ ಕೊಡೋ ನಾರಿಸ್ ಟ್ರೋಫಿ ತಗೊಂಡ, ಅಷ್ಟು ಸಾಕು. ನನಗೆ ನಿದ್ದೆ ಕೆಡಿಸೋದು ಬೇರೆ ಲೆಕ್ಕ. ಡಿಫೆನ್ಸ್‌ಮನ್ ಲಿಡ್‌ಸ್ಟ್ರಾಮ್‌ನ 1989ರ ಡ್ರಾಫ್ಟಲ್ಲಿ ಡೆಟ್ರಾಯಿಟ್ ಟೀಮ್ ತಗೊಂಡಿದ್ದು 53ನೇ ನಂಬರಲ್ಲಿ, ಆಮೇಲೆ ಏಳು ನಾರಿಸ್ ಗೆದ್ದ. ಆಡಮ್ ಫಾಕ್ಸ್ 2016ರಲ್ಲಿ 66ನೇಯವನು, ಅವನೂ ಆಮೇಲೆ ನಾರಿಸ್ ಗೆದ್ದ. 2019ರಲ್ಲಿ ಗೆದ್ದ ಜಿಯೊರ್ಡಾನೊನ ಡ್ರಾಫ್ಟಲ್ಲಿ ಯಾರೂ ಕರೀಲೇ ಇಲ್ಲ. ಹದಿನೇಳನೇ ವಯಸ್ಸಲ್ಲಿ ಡಿಫೆನ್ಸ್‌ಮನ್ ಇನ್ನೂ ಕಾಯಿ, ಹಣ್ಣಾಗೋದು ಫಾರ್ವರ್ಡ್‌ಗಿಂತ ತಡ.

ನಾನೂ ತಪ್ಪು ಮಾಡಿದೀನಿ. ಕೆಲವು ವರ್ಷದ ಹಿಂದೆ ಒಬ್ಬನಿಗೆ "ಕಾಲು ಭಾರ, ತಿರುಗೋಕೆ ಲೇಟು" ಅಂತ ಬರೆದು ಪಟ್ಟಿಯಿಂದ ತೆಗೆದೆ. ಆ ಬೇಸಿಗೇಲಿ ಅವ್ನು ದಿಢೀರನೆ ಉದ್ದ ಬೆಳೆದಿದ್ದ, ಮೈ ಹಿಡಿತಕ್ಕೆ ಬಂದಿರ್ಲಿಲ್ಲ, ಕೋಚ್‌ಗೆ ಒಂದು ಫೋನ್ ಮಾಡಿದ್ರೆ ಗೊತ್ತಾಗ್ತಿತ್ತು, ನಾನು ಮಾಡ್ಲಿಲ್ಲ. ಮುಂದಿನ ವರ್ಷ ಅವನ ಕಾಲು ಸರಿಹೋಯ್ತು, ಬೇರೆ ಟೀಮ್ ತಗೊಂಡ್ತು. ಅವತ್ತಿಂದ ಹುಟ್ಟಿದ ತಾರೀಖು, ಒಂದು ವರ್ಷದಲ್ಲಿ ಎಷ್ಟು ಬೆಳೆದಿದಾನೆ, ಎರಡೂ ಬರೆದೇ ಮುಂದಿನ ಮಾತು. ಸೆಪ್ಟೆಂಬರ್ 15ರೊಳಗೆ 18 ತುಂಬಿದ್ರೆ ಆ ವರ್ಷದ ಡ್ರಾಫ್ಟ್, ಒಂದು ದಿನ ತಡವಾದ್ರೆ ಮುಂದಿನ ವರ್ಷ, ಅಂದ್ರೆ ಒಂದೇ ಪಟ್ಟೀಲಿ ಹೆಚ್ಚುಕಡಿಮೆ ಒಂದು ವರ್ಷ ಚಿಕ್ಕೋನೂ ದೊಡ್ಡೋನೂ ಪಕ್ಕಪಕ್ಕ ಇರ್ತಾರೆ.

ನವೆಂಬರ್ ಹುಡುಗನಿಗೆ ಇನ್ನೂ ಕೊನೇ ಮಾರ್ಕ್ ಹಾಕಿಲ್ಲ. ಅವನ ಟೀಮ್ ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಮ್ಯಾಚ್ ಆಡೋ ವಾರ ಒಂದಿದೆ, ಮಧ್ಯ ರಾತ್ರಿ ಬಸ್ ಪ್ರಯಾಣ ಬೇರೆ. ನಾನು ಭಾನುವಾರದ ಮ್ಯಾಚ್‌ಗೆ ಟಿಕೆಟ್ ತಗೊಂಡಿದೀನಿ, ಮೂರನೇ ಪೀರಿಯಡ್‌ನಲ್ಲಿ ಕಾಲು ಸೋತಾಗ್ಲೂ ಮೂಲೆಗೆ ಹೋಗೋ ಮುಂಚೆ ಆ ತಲೆ ಎರಡು ಸಲ ತಿರುಗುತ್ತಾ ನೋಡ್ಬೇಕು.