ಯಾವ ಕವಾಟ ಹಾಕಿಸಿಕೊಳ್ಳುವುದು?

"ಡಾಕ್ಟರೇ, ಎರಡರಲ್ಲಿ ಒಳ್ಳೆಯದು ಯಾವುದೋ ಅದನ್ನೇ ಹಾಕಿಬಿಡಿ." ಹೃದಯದ ಕವಾಟ ರಿಪೇರಿಗೆ ಬಗ್ಗುವುದಿಲ್ಲ ಎಂದು ತಿಳಿಸಿದಾಗ ಹೆಚ್ಚಿನವರು ಹೇಳುವ ಮಾತಿದು. ಕವಾಟದ ಎಲೆಗಳು ಸುಣ್ಣಗಟ್ಟಿ ಕಲ್ಲಾಗಿದ್ದರೆ, ರುಮ್ಯಾಟಿಕ್ ಜ್ವರದಿಂದ ದಪ್ಪಗಾಗಿ ಮುದುಡಿದ್ದರೆ, ಹೊಲಿದು ಉಳಿಸಿಕೊಳ್ಳುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ಬದಲಿಸಲೇಬೇಕು. ಆಗ ನಾನು ಎರಡು ಮಾದರಿಗಳನ್ನು ರೋಗಿಯ ಅಂಗೈಯಲ್ಲಿ ಇಡುತ್ತೇನೆ.

ಒಂದು ಯಾಂತ್ರಿಕ ಕವಾಟ. ಬಟ್ಟೆ ಸುತ್ತಿದ ಉಂಗುರದೊಳಗೆ ಕಪ್ಪು ಇಂಗಾಲದ ಎರಡು ಅರ್ಧಚಂದ್ರಗಳು. ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನುತ್ತವೆ. ನಿಶ್ಶಬ್ದ ರಾತ್ರಿಯಲ್ಲಿ ಈ ಸದ್ದು ಎದೆಯೊಳಗಿಂದಲೇ ಕೇಳಿಸುವುದುಂಟು. ಇದು ಸವೆಯುವುದು ತೀರಾ ಅಪರೂಪ. ಆದರೆ ಇದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ಬದುಕಿರುವಷ್ಟು ದಿನವೂ ವಾರ್ಫರಿನ್ ಮಾತ್ರೆ ನುಂಗಬೇಕು, ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಹೃದಯದಿಂದ ಮಹಾಧಮನಿಗೆ ರಕ್ತ ಬಿಡುವ ಅಯೋರ್ಟಿಕ್ ಕವಾಟವಾದರೆ ಇದರ ಅಂಕಿ ಸಾಮಾನ್ಯವಾಗಿ 2ರಿಂದ 3, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಆದರೆ 2.5ರಿಂದ 3.5 ಇರಬೇಕು. ಇಳಿದರೆ ಪಾರ್ಶ್ವವಾಯುವಿನ ಭಯ, ಏರಿದರೆ ರಕ್ತಸ್ರಾವದ ಭಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಈ ಪರೀಕ್ಷೆಯ ಗೊಡವೆಯಿಲ್ಲದ ಹೊಸ ಮಾತ್ರೆಗಳನ್ನು ಇಲ್ಲಿ ಬಳಸುವಂತಿಲ್ಲ.

ಇನ್ನೊಂದು ಜೈವಿಕ ಕವಾಟ. ಹಸುವಿನ ಹೃದಯದ ಹೊರಪೊರೆಯಿಂದ ಮಾಡಿದ್ದು, ಇಲ್ಲವೇ ಹಂದಿಯ ಕವಾಟ. ಸದ್ದಿಲ್ಲ, ಬೇರೆ ಕಾರಣವಿಲ್ಲದಿದ್ದರೆ ಕೆಲವು ತಿಂಗಳ ಬಳಿಕ ವಾರ್ಫರಿನ್ ಕೂಡ ಬೇಡ. ಆದರೆ ಬಹುಪಾಲು 10-15 ವರ್ಷಗಳಲ್ಲಿ ಹಾಳಾಗುತ್ತದೆ, ಕಿರಿಯರಲ್ಲಿ ಇನ್ನೂ ಬೇಗ.

ಅಯೋರ್ಟಿಕ್ ಕವಾಟಕ್ಕೆ 50ರೊಳಗಿನವರಿಗೆ ಯಾಂತ್ರಿಕ, 65 ದಾಟಿದವರಿಗೆ ಜೈವಿಕ ಎಂಬುದು ಸ್ಥೂಲ ಲೆಕ್ಕ. ವಯಸ್ಸೊಂದನ್ನೇ ಹಿಡಿದು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ತಾಯಿಯಾಗಬೇಕೆಂದಿರುವ ಯುವತಿಯ ವಿಷಯ ನೋಡಿ. ಗರ್ಭದ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡಬಲ್ಲದು. ನಿಲ್ಲಿಸಿ ಚುಚ್ಚುಮದ್ದಿಗೆ ಬದಲಾಯಿಸಿದರೆ ಯಾಂತ್ರಿಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಮುಂದೆ ಮತ್ತೊಂದು ಶಸ್ತ್ರಚಿಕಿತ್ಸೆ ಬಹುತೇಕ ಖಚಿತವೆಂದು ತಿಳಿದೂ ಜೈವಿಕ ಕವಾಟವನ್ನೇ ಆರಿಸಿಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಆ ನಿರ್ಧಾರವನ್ನು ಅವಸರಪಡಿಸುವ ಹಕ್ಕು ಯಾವ ವೈದ್ಯರಿಗೂ ಇಲ್ಲ. ರಕ್ತಪರೀಕ್ಷೆಗೆ ಹೋಗಿಬರುವುದೇ ಕಷ್ಟವಾದವರ ಮಾತನ್ನೂ ಅಷ್ಟೇ ಗಮನವಿಟ್ಟು ಕೇಳಬೇಕು.

ಜೈವಿಕ ಕವಾಟ ಕೆಟ್ಟಾಗ ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಹಳೆಯದರೊಳಗೇ ಹೊಸದನ್ನು ಕೂರಿಸುವ ವಿಧಾನ ಈಗಿದೆ. ಎಲ್ಲರಿಗೂ ಅದು ಹೊಂದುವುದಿಲ್ಲ. ಮೊದಲ ಉಂಗುರ ಚಿಕ್ಕದಾಗಿದ್ದರೆ ಒಳಗೆ ಕೂರುವುದು ಇನ್ನೂ ಕಿರಿದಾಗಿ ರಕ್ತದ ಹರಿವಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಅಳತೆಯ ಬಗ್ಗೆ ಕೇಳಿ. ಮನೆಗೆ ಹೊರಡುವಾಗ ಕವಾಟದ ಹೆಸರು, ಅಳತೆ ಬರೆದ ಕಾರ್ಡನ್ನು ಪಡೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.